ಕಾಗದದ ರೇಸ್ ಕಾರು: ನಾಲ್ಕೂ ಗಾಲಿ ನೆಲ ಮುಟ್ಟುವಂತೆ ಕಟ್ಟುವುದು ಹೇಗೆ

ಕಾಗದದ ರೇಸ್ ಕಾರು ಕಟ್ಟುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕಾರು ಮುಗಿದಿದೆ, ನೋಡೋಕೆ ಚೆನ್ನಾಗಿದೆ, ಆದರೆ ಮೇಜಿನ ಮೇಲೆ ಇಟ್ಟರೆ ಮುಂದಿನ ಒಂದು ಗಾಲಿ ಮೇಲೆ ಎದ್ದು ನಿಲ್ಲುತ್ತದೆ. ಈಗ ಏನು ಮಾಡಲಿ?

ಆ ಹಂತದಲ್ಲಿ ಮಾಡೋಕೆ ಹೆಚ್ಚೇನೂ ಉಳಿದಿರುವುದಿಲ್ಲ. ತಪ್ಪು ಕಾಣುವುದು ಗಾಲಿಯಲ್ಲಿ, ಆಗಿದ್ದು ಗಾಲಿಯಲ್ಲಲ್ಲ. ಮೊದಲ ದಿನ ತಳ ಅಂಟಿಸುವಾಗಲೇ ಅದು ಸ್ವಲ್ಪ ತಿರುಚಿಕೊಂಡಿರುತ್ತದೆ, ಆಮೇಲೆ ಅದರ ಮೇಲೆ ಕೂಡಿಸಿದ್ದೆಲ್ಲ ಆ ಸೊಟ್ಟವನ್ನೇ ಹಿಡಿದುಕೊಂಡು ಬೆಳೆಯುತ್ತದೆ. ಅದಕ್ಕೇ ಇಲ್ಲಿ ತಳದ ಬಗ್ಗೆ ಜಾಸ್ತಿ ಬರೆದಿದ್ದೇನೆ. ಕ್ರಮ ತಪ್ಪಿಸಿ ಮುಂದೆ ಹಾರಬೇಡಿ. ಗಾಲಿ ಮಾಡೋಕೆ ಮಜಾ ಬರುತ್ತೆ ಅಂತ ಮೊದಲು ಗಾಲಿಗೆ ಕೈ ಹಾಕುವವರೇ ಬಹಳ.

ಹಂತ 1: ಕಾರು ಮತ್ತು ಅಳತೆ ಆರಿಸಿ

ಮೊದಲ ಸಲ ಕಟ್ಟುವವರು 1980ರ ದಶಕದ ಕೊನೆಯ ಅಥವಾ 90ರ ದಶಕದ ಮೊದಲ ವರ್ಷಗಳ ಕಾರಿನ ನಕ್ಷೆ (ಪ್ರಿಂಟ್ ತೆಗೆಸಿ ಕತ್ತರಿಸಿ ಅಂಟಿಸುವ ತುಂಡುಗಳ ಚಿತ್ರ) ತಗೊಳ್ಳಿ. ಮೈ ಸರಳ, ವಿಂಗ್‌ಗಳು (ಮುಂದೆ, ಹಿಂದೆ ಇರುವ ಅಡ್ಡ ರೆಕ್ಕೆಗಳು) ನೇರ, ಚಾಲಕ ಕೂರುವ ಕಾಕ್‌ಪಿಟ್ ಮೇಲೆ ಹೇಲೋ, ಅಂದರೆ ಚಾಲಕನ ತಲೆ ಕಾಯುವ ಬಾಗಿದ ಚೌಕಟ್ಟು, ಇಲ್ಲ. ಹೇಲೋ ಬಂದಿದ್ದು 2018ರಲ್ಲಿ. ಅದನ್ನು ಕಾಗದದಲ್ಲಿ ಬಗ್ಗಿಸುವುದು ಕೈ ಪಳಗಿದ ಮೇಲೆ ಮಾಡುವ ಕೆಲಸ.

ಅಳತೆ 1:24, ಅಂದರೆ ನಿಜವಾದ ಕಾರಿನ 24ರಲ್ಲಿ ಒಂದು ಪಾಲು, ಸಾಕು. 2022ರಿಂದ 2025ರವರೆಗಿನ ಫಾರ್ಮುಲಾ 1 ಕಾರು ಸುಮಾರು ಐದೂವರೆ ಮೀಟರ್ ಉದ್ದ, 1:24ರಲ್ಲಿ ಅದು 23 ಸೆಂ.ಮೀ. ಆಗುತ್ತದೆ. ಅಂದರೆ ಎಷ್ಟೇ ಉದ್ದದ ತುಂಡಾದರೂ ಒಂದೇ ಎ4 ಹಾಳೆಯಲ್ಲಿ ಹಿಡಿಸುತ್ತದೆ. 1:12ಕ್ಕೆ ಹೋದರೆ ಕಾರು 46 ಸೆಂ.ಮೀ., ಉದ್ದ ತುಂಡುಗಳಿಗೆ ನಡುವೆ ಜೋಡಣೆ ಹಾಕಬೇಕು, ಜೋಡಣೆ ಇದ್ದಲ್ಲೆಲ್ಲ ಸೊಟ್ಟ ಆಗೋಕೆ ದಾರಿ. ಇನ್ನೂ ಸಣ್ಣದು ಮಾಡೋಣ ಅಂತ 1:43ಕ್ಕೆ ಇಳಿಸಿದರೆ ಕಾಗದದ ದಪ್ಪವೇ ಅಡ್ಡ ಬರುತ್ತದೆ.

2022ರಿಂದ 2025ರವರೆಗಿನ ಕಾರನ್ನೇ ಕಟ್ಟುತ್ತೀರಾದರೆ ಈ ಅಳತೆಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ನಿಜವಾದ ಕಾರಿನ ಅಗಲ ಗರಿಷ್ಠ 2000 ಮಿ.ಮೀ., 1:24ರಲ್ಲಿ 83 ಮಿ.ಮೀ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಗರಿಷ್ಠ 3600, ಅಂದರೆ 150. ಟೈರಿನ ವ್ಯಾಸ 720, ಅಂದರೆ 30. ಟೈರಿನ ಅಗಲ ಮುಂದೆ 305, ಹಿಂದೆ 405. ಇವು 12.7 ಮತ್ತು 16.9 ಮಿ.ಮೀ. ಆಗುತ್ತವೆ. ನಿಮ್ಮ ನಕ್ಷೆಯಲ್ಲಿ ಟೈರಿನ ವ್ಯಾಸ 28 ಬಂದರೆ ಒಂದೋ ಅದು ಹಳೇ ಕಾರು, ಇಲ್ಲವೇ ಪ್ರಿಂಟ್ ಕುಗ್ಗಿದೆ.

ಹಂತ 2: ಸಾಮಾನು ಕೂಡಿಸಿ

ಮೈಗೆ 160ರಿಂದ 200 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಕಾಗದ ಬೇಕು. ಹೊಳಪಿಲ್ಲದ್ದೇ ತಗೊಳ್ಳಿ. ಆರ್ಟ್ ಕಾರ್ಡ್ ಮಿರಮಿರ ಮಿಂಚುತ್ತೆ ಅಂತ ಆಸೆಪಡಬೇಡಿ, ಮಡಿಚಿದಲ್ಲಿ ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತದೆ, ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಸಣ್ಣ ತುಂಡುಗಳಿಗೆ ಮಾಮೂಲಿ 80 ಜಿಎಸ್ಎಂ ಸಾಕು. ಗದಗ-ಬೆಟಗೇರಿ ಕಡೆಯವರಿಗೆ ಒಂದು ಅನುಕೂಲ ಇದೆ. ಅಲ್ಲಿ ಪ್ರಿಂಟಿಂಗ್ ಪ್ರೆಸ್‌ಗಳು ಸಾಕಷ್ಟಿವೆ. ಲಗ್ನಪತ್ರಿಕೆ ಮಾಡುವಲ್ಲಿ ಕತ್ತರಿಸಿ ಉಳಿದ ಪಟ್ಟಿಗಳನ್ನು ಕೇಳಿ ನೋಡಿ, ಒಳಗಿನ ಕೆಲಸಕ್ಕೆ ಬಹಳ ಉಪಯೋಗ.

ಒಳಗಿನ ಹಂದರಕ್ಕೆ 1 ಮಿ.ಮೀ. ರಟ್ಟು ಬೇಕು. ಧಾರವಾಡ ಪೇಡೆಯ ಡಬ್ಬಿ, ಅಂಗಿ ಡಬ್ಬಿ, ಹಿಂಬದಿ ಬೂದು ಬಣ್ಣ ಇರುವ ಯಾವುದೇ ರಟ್ಟು ಆಗುತ್ತದೆ, ತೆಳು ಇದ್ದರೆ ಎರಡು ಪದರ ಅಂಟಿಸಿ. ಎಣ್ಣೆ, ತುಪ್ಪದ ಕಲೆ ಇರುವ ಜಾಗ ಮಾತ್ರ ಬಿಡಿ. ಅಲ್ಲಿ ಅಂಟು ಕೂರುವುದೇ ಇಲ್ಲ.

ಉಪಕರಣ ಇಷ್ಟು: ತುದಿ ಮುರಿಯುವ ಬ್ಲೇಡಿನ ಕಟರ್, ಸ್ಟೀಲ್ ಸ್ಕೇಲ್, ಸಣ್ಣ ಕತ್ತರಿ, ಚೂಪು ತುದಿಯ ಚಿಮಟ, ಶಾಯಿ ಮುಗಿದ ಬಾಲ್‌ಪೆನ್, ಟೂತ್‌ಪಿಕ್, ಬೇರೆ ಬೇರೆ ದಪ್ಪದ ದುಂಡು ಕಡ್ಡಿಗಳು, ಬಟ್ಟೆ ಒಣಹಾಕುವ ಕ್ಲಿಪ್. ಇದರ ಜೊತೆ ಎ4 ಹಾಳೆಗಿಂತ ಸ್ವಲ್ಪ ದೊಡ್ಡದಾದ ಒಂದು ಗಾಜಿನ ತುಂಡು. ಗಾಜಿನ ಅಂಗಡಿಯಲ್ಲಿ ಅಂಚು ತಿಕ್ಕಿಸಿಕೊಂಡು ತನ್ನಿ. ಇದೊಂದು ಬಿಡಬೇಡಿ. ಕಡಪಾ ಕಲ್ಲಿನ ಕಟ್ಟೆ ಸಮ ಇದೆ ಅನಿಸುತ್ತದೆ, ಸ್ಕೇಲ್ ನಿಲ್ಲಿಸಿ ನೋಡಿದರೆ ಅಡಿಯಲ್ಲಿ ಬೆಳಕು ಕಾಣುತ್ತದೆ.

ಅಂಟಿಗೆ ಫೆವಿಕಾಲ್ ಸಾಕು. ಮುಚ್ಚಳದಲ್ಲಿ ಸ್ವಲ್ಪ ಹಿಂಡಿ ಹತ್ತು ನಿಮಿಷ ಬಿಡಿ, ನೀರಿನಂಶ ಕಡಿಮೆ ಆಗಿ ಗಟ್ಟಿಯಾಗುತ್ತದೆ. ಕಾಗದ ಸುಕ್ಕಾಗುವುದು ಅಂಟಿನಲ್ಲಿರುವ ನೀರಿನಿಂದ. ಫೆವಿಕ್ವಿಕ್ ಮೈ ಕೆಲಸಕ್ಕೆ ಬೇಡವೇ ಬೇಡ. ಒಮ್ಮೆ ಹಿಡಿದರೆ ಸರಿಸೋಕೆ ಆಗದು, ಕಾಗದದ ಮೇಲೆ ಕಪ್ಪಾದ ಕಲೆಯೂ ಉಳಿಯುತ್ತದೆ. ಅದರ ಕೆಲಸ ಟೈರಿನ ಹತ್ತಿರ ಬರುತ್ತದೆ.

ಹಂತ 3: ಪ್ರಿಂಟ್ ತೆಗೆಸಿ, ಅಳೆಯಿರಿ

ಜೆರಾಕ್ಸ್ ಅಂಗಡಿಯಲ್ಲಿ ಹೇಳಬೇಕಾದ ಮಾತು ಒಂದೇ: "ಅಣ್ಣಾ, ಫಿಟ್ ಟು ಪೇಜ್ ಹಾಕಬ್ಯಾಡ್ರಿ, ಆಕ್ಚುವಲ್ ಸೈಜ್‌ನ್ಯಾಗ ಕೊಡ್ರಿ." ಫಿಟ್ ಟು ಪೇಜ್ ಇದ್ದರೆ ಹಾಳೆಯ ಅಂಚು ಬಿಡೋಕೆ ಅಂತ ಕಂಪ್ಯೂಟರ್ ತಾನೇ ಚಿತ್ರವನ್ನು ಕುಗ್ಗಿಸುತ್ತದೆ. ನಕ್ಷೆಯ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಅಳತೆ ಗೆರೆ ಇರುತ್ತದೆ, 50 ಅಥವಾ 100 ಮಿ.ಮೀ. ಅಂತ. ಮೊದಲ ಹಾಳೆ ಬಂದ ಕೂಡಲೇ ಅಲ್ಲೇ ನಿಂತು ಸ್ಕೇಲ್ ಇಟ್ಟು ನೋಡಿ. 100ರ ಗೆರೆ 96 ಬಂದಿದ್ದರೆ ಉಳಿದ ಹಾಳೆ ತೆಗೆಸಬೇಡಿ.

ಪೂರ್ತಿ ಕಾರು ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ದೊಡ್ಡ ನಷ್ಟ ಇಲ್ಲ, ಕಾರು ಸ್ವಲ್ಪ ಚಿಕ್ಕದಾಗುತ್ತದೆ ಅಷ್ಟೇ. ನಷ್ಟ ಆಗುವುದು ಒಂದು ಹಾಳೆ ಹಾಳಾಗಿ, ಅದನ್ನು ಮರುದಿನ ಬೇರೆ ಅಂಗಡಿಯಲ್ಲಿ ತೆಗೆಸಿದಾಗ. ಎಡ ಸೈಡ್‌ಪಾಡ್ (ಕಾಕ್‌ಪಿಟ್ ಪಕ್ಕದ ಉಬ್ಬು ಭಾಗ) ಒಂದು ಅಳತೆ, ಬಲದ್ದು ಇನ್ನೊಂದು. ಕತ್ತರಿಸಿ, ಮಡಿಚಿ, ಅಂಟು ಹಚ್ಚುವವರೆಗೂ ಗೊತ್ತಾಗುವುದಿಲ್ಲ. ಅದಕ್ಕೆ ಮೊದಲೇ ಎರಡು ಪ್ರತಿ ತೆಗೆಸಿಡಿ.

ಇಂಕ್‌ಜೆಟ್ ಪ್ರಿಂಟ್ ಆದರೆ ಒಂದು ರಾತ್ರಿ ಒಣಗಲು ಬಿಡಿ, ಆಮೇಲೆ ಮ್ಯಾಟ್ ವಾರ್ನಿಶ್ ಸ್ಪ್ರೇಯನ್ನು ದೂರದಿಂದ ತೆಳುವಾಗಿ ಹೊಡೆಯಿರಿ, ಇಲ್ಲದಿದ್ದರೆ ಬೆವರಿನ ಬೆರಳು ತಾಗಿದರೂ ಬಣ್ಣ ಎದ್ದು ಬರುತ್ತದೆ. ಲೇಸರ್ ಪ್ರಿಂಟಿಗೆ ನೀರಿನ ಭಯ ಇಲ್ಲ, ಆದರೆ ಮಡಿಕೆಯಲ್ಲಿ ಪುಡಿ ಉದುರುತ್ತದೆ.

ಹಂತ 4: ಮೊದಲು ಗೀರು, ಆಮೇಲೆ ಕತ್ತರಿ

ಎಲ್ಲ ಮಡಿಕೆ ಗೆರೆಗಳನ್ನೂ ತುಂಡು ಇನ್ನೂ ಹಾಳೆಯಲ್ಲಿ ಇರುವಾಗಲೇ ಗೀರಬೇಕು. ಕತ್ತರಿಸಿದ ಮೇಲೆ ಸಣ್ಣ ತುಂಡಿನ ಮೇಲೆ ಸ್ಕೇಲ್ ನಿಲ್ಲುವುದಿಲ್ಲ, ಜಾರುತ್ತದೆ. ಶಾಯಿ ಮುಗಿದ ಬಾಲ್‌ಪೆನ್ನನ್ನು ಸ್ಕೇಲಿಗೆ ಒತ್ತಿ ಒಂದೇ ಸಲ ಎಳೆಯಿರಿ. ಬ್ಲೇಡಿನಿಂದ ಗೀರಿದರೆ ಬಣ್ಣದ ಪದರ ಹರಿದು ಮಡಿಕೆಯುದ್ದಕ್ಕೂ ಬಿಳಿ ಕಾಣುತ್ತದೆ.

ಕತ್ತರಿಸುವಾಗ ಬ್ಲೇಡಿನ ಮೇಲೆ ಭಾರ ಹಾಕಬೇಡಿ. ಹಗುರ ಕೈಯಿಂದ ಎರಡು-ಮೂರು ಸಲ ಎಳೆದರೆ ತಾನೇ ಬಿಟ್ಟುಕೊಳ್ಳುತ್ತದೆ. ಅಂಚಿನಲ್ಲಿ ನೂಲಿನಂಥ ಎಳೆ ಏಳುತ್ತಿದ್ದರೆ ಬ್ಲೇಡ್ ಮೊಂಡಾಗಿದೆ ಅಂತ ಅರ್ಥ, ತುದಿ ಮುರಿಯಿರಿ. ಸ್ಕೇಲ್ ಹಿಡಿದ ಕೈಯ ಬೆರಳು ಅಂಚಿನಿಂದ ಹಿಂದೆ ಇರಲಿ. ಮಕ್ಕಳ ಕೈಗೆ ಕಟರ್ ಕೊಟ್ಟು ಆಚೆ ಹೋಗಬೇಡಿ.

ಒಂದೇ ಸಲ ಎಲ್ಲ ತುಂಡೂ ಕತ್ತರಿಸಿ ಗುಡ್ಡೆ ಹಾಕುವವರಿದ್ದಾರೆ. ಆಮೇಲೆ ಯಾವುದು ಎಡ, ಯಾವುದು ಬಲ ಅಂತ ಹುಡುಕುತ್ತಾ ಕೂರಬೇಕಾಗುತ್ತದೆ. ಆ ದಿನ ಕೂಡಿಸುವಷ್ಟನ್ನು ಮಾತ್ರ ಕತ್ತರಿಸಿ, ಹಿಂದೆ ಪೆನ್ಸಿಲ್‌ನಿಂದ ನಂಬರ್ ಬರೆಯಿರಿ.

ಕತ್ತರಿಸಿದ ತುಂಡಿನ ಅಂಚಿಗೆ ಅಂಟಿಸುವ ಮೊದಲೇ ಬಣ್ಣ ಹಚ್ಚಿ. ಕೆಂಪು ಕಾರಿನಲ್ಲಿ ಪ್ರತಿ ಜೋಡಣೆಯಲ್ಲೂ ಬಿಳಿ ಗೆರೆ ಕಂಡರೆ ಎಷ್ಟು ಚೆನ್ನಾಗಿ ಕಟ್ಟಿದ್ದರೂ ಅದು ಶಾಲೆಯ ಚಾರ್ಟ್‌ನಂತೆ ಕಾಣುತ್ತದೆ. ವಾಟರ್‌ಕಲರನ್ನು ಬಹಳ ಕಡಿಮೆ ನೀರಿನಲ್ಲಿ ಕಲಸಿ ಅಂಚಿಗೆ ಮಾತ್ರ ತಾಗಿಸಿ. ಸ್ಕೆಚ್ ಪೆನ್ ಆದರೆ ಮೊದಲು ಚೂರಿನ ಮೇಲೆ ನೋಡಿ, ಕೆಲವು ಒಳಗೆ ಹರಡುತ್ತವೆ.

ಹಂತ 5: ತಳ ಮತ್ತು ಹಂದರ

ಇಲ್ಲಿ ಅವಸರ ಮಾಡಿದರೆ ಮುಂದೆ ಯಾವ ಹಂತದಲ್ಲೂ ಸರಿಪಡಿಸೋಕೆ ಆಗುವುದಿಲ್ಲ.

ಕಾಗದಕ್ಕೆ ಎಳೆ ಇರುತ್ತದೆ. ಹಾಳೆಯನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿ, ಸುಲಭವಾಗಿ ಬಗ್ಗುವ ಮಡಿಕೆ ಯಾವ ಕಡೆ ಓಡುತ್ತದೋ ಆ ಕಡೆಗೆ ಎಳೆ ಇದೆ. ರಟ್ಟಿಗೂ ಅಷ್ಟೇ. ತಳದ ರಟ್ಟಿನ ಎಳೆ ಕಾರಿನ ಉದ್ದಕ್ಕೆ ಇರಲಿ. ಅಡ್ಡ ಬಿದ್ದರೆ ಕಾರು ನಡುವಿನಲ್ಲಿ ಬಾಳೆಹಣ್ಣಿನಂತೆ ಬಾಗುತ್ತದೆ.

ತಳದ ಪ್ರಿಂಟನ್ನು ರಟ್ಟಿಗೆ ಅಂಟಿಸಿದಾಗ ಒಣಗುತ್ತಾ ಆ ಬದಿಗೆ ಎಳೆಯುತ್ತದೆ. ಇದು ಎಲ್ಲರಿಗೂ ಆಗುತ್ತದೆ, ಕೈಯ ತಪ್ಪಲ್ಲ. ತಡೆಯುವ ದಾರಿ: ರಟ್ಟಿನ ಇನ್ನೊಂದು ಬದಿಗೂ ಅದೇ ದಪ್ಪದ ಬಿಳಿ ಕಾಗದ, ಅದೇ ದಿಕ್ಕಿನ ಎಳೆಯಲ್ಲಿ, ಅದೇ ಹೊತ್ತಿಗೆ ಅಂಟಿಸಿ. ಎರಡೂ ಕಡೆ ಸಮನಾಗಿ ಎಳೆದರೆ ರಟ್ಟು ನೆಟ್ಟಗೆ ನಿಲ್ಲುತ್ತದೆ. ಖಾಲಿ ಹಾಲಿನ ಪ್ಯಾಕೆಟನ್ನು ಬಿಡಿಸಿ ತೊಳೆದು ಒರೆಸಿ ಗಾಜಿನ ಮೇಲೆ ಹಾಸಿ, ಅದರ ಮೇಲೆ ತಳ, ಮತ್ತೊಂದು ಪ್ಯಾಕೆಟ್, ಅದರ ಮೇಲೆ ದಪ್ಪ ಪುಸ್ತಕಗಳು. ಪ್ಲಾಸ್ಟಿಕ್‌ಗೆ ಫೆವಿಕಾಲ್ ಹಿಡಿಯುವುದಿಲ್ಲ. ರಾತ್ರಿಯಿಡೀ ಹಾಗೇ ಇರಲಿ. ಮಳೆಗಾಲದಲ್ಲಿ, ಅದರಲ್ಲೂ ಧಾರವಾಡದ ಜುಲೈ ತಿಂಗಳ ಜಿಟಿಜಿಟಿಯಲ್ಲಿ, ಒಂದು ರಾತ್ರಿ ಸಾಲದು, ಎರಡು ದಿನ ಬಿಡಿ. ಮುಟ್ಟಿದರೆ ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ.

ಒಣಗಿದ ಮೇಲೆ ತಳದ ನಡುವೆ ಮೂತಿಯಿಂದ ಬಾಲದವರೆಗೆ ಒಂದು ಪೆನ್ಸಿಲ್ ಗೆರೆ ಎಳೆಯಿರಿ. ಹಂದರದ ಪ್ರತಿ ಅಡ್ಡಪಟ್ಟಿಗೂ ನಡುಗೆರೆ ಹಾಕಿ. ಉದ್ದನೆಯ ನಡುಪಟ್ಟಿಯನ್ನು ಮೊದಲು ನಿಲ್ಲಿಸಿ, ಆಮೇಲೆ ಅಡ್ಡಪಟ್ಟಿಗಳನ್ನು ಒಂದೊಂದಾಗಿ ಅದರ ಕಚ್ಚಿನಲ್ಲಿ ಕೂಡಿಸಿ. ಪ್ರತಿಯೊಂದಕ್ಕೂ ಬೆಂಕಿಪೊಟ್ಟಣದ ಮೂಲೆ ತಾಗಿಸಿ ನೇರ ಇದೆಯಾ ನೋಡಿ. ಕಚ್ಚು ಬಿಗಿ ಇದ್ದರೆ ಒತ್ತಿ ತುರುಕಬೇಡಿ, ಬ್ಲೇಡಿನಿಂದ ಒಂದು ಕೂದಲೆಳೆಯಷ್ಟು ಅಗಲ ಮಾಡಿ. ತುರುಕಿದ ಪಟ್ಟಿ ನಡುಪಟ್ಟಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಸೊಟ್ಟದ ಮೊದಲ ಬೀಜ ಬೀಳುವುದು ಅಲ್ಲೇ.

ಈಗ ಪರೀಕ್ಷೆ. ಎಡ ಮುಂಮೂಲೆಯಿಂದ ಬಲ ಹಿಂಮೂಲೆಗೆ ಅಳೆಯಿರಿ, ಬಲ ಮುಂಮೂಲೆಯಿಂದ ಎಡ ಹಿಂಮೂಲೆಗೆ ಅಳೆಯಿರಿ. ಎರಡೂ ಒಂದೇ ಬರಬೇಕು. ಆಮೇಲೆ ಗಾಜಿನ ಮೇಲಿಟ್ಟು ನಾಲ್ಕೂ ಮೂಲೆಯನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ. ಟಿಕ್ ಅಂತ ಸಪ್ಪಳ ಬಂದರೆ, ಒಂದು ಮೂಲೆ ಒತ್ತಿದಾಗ ಎದುರು ಮೂಲೆ ಏಳುತ್ತಿದ್ದರೆ ತಿರುಚಿದೆ. ಇನ್ನೂ ಕಾಲ ಮಿಂಚಿಲ್ಲ. ಮೇಲ್ಭಾಗ ತೆರೆದಿರುವವರೆಗೆ ಹಂದರವನ್ನು ಕೈಯಿಂದ ಎದುರು ದಿಕ್ಕಿಗೆ ತಿರುಗಿಸಿ ಸರಿಮಾಡಬಹುದು. ಮೇಲೆ ಬಾಡಿಯ ಹೊದಿಕೆ ಕೂತು ಸುತ್ತ ಮುಚ್ಚಿತೋ, ಯಾವ ಆಕಾರದಲ್ಲಿ ಇತ್ತೋ ಅದೇ ಆಕಾರಕ್ಕೆ ಬಿಗಿಯಾಗುತ್ತದೆ. ಆದ್ದರಿಂದ ಹೊದಿಕೆ ಅಂಟಿಸುವಾಗಲೂ ಹಂದರ ಗಾಜಿನ ಮೇಲೇ ಇರಬೇಕು, ಕ್ಲಿಪ್ ಮತ್ತು ಭಾರ ಹಾಕಿ. ಕೈಯಲ್ಲಿ ಎತ್ತಿ ಹಿಡಿದು ಅಂಟಿಸಿದರೆ ನಿಮ್ಮ ಹಿಡಿತದ ಸೊಟ್ಟ ಒಳಗೆ ಸೇರುತ್ತದೆ.

ಹಂತ 6: ಬಾಡಿ, ನಡುವಿನಿಂದ ಎರಡೂ ತುದಿಗೆ

ಮೂತಿಯಿಂದ ಶುರು ಮಾಡಿ ಹಿಂದಕ್ಕೆ ಹೋಗುವುದು ಸಹಜ ಅನಿಸುತ್ತದೆ. ಹಾಗೆ ಮಾಡಬೇಡಿ. ಪ್ರತಿ ಜೋಡಣೆಯಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಬಾಲ ಸೇರುವ ಹೊತ್ತಿಗೆ ಎಂಜಿನ್ ಕವರ್ ಎರಡು-ಮೂರು ಮಿ.ಮೀ. ಆಚೆ ಇರುತ್ತದೆ. ಕಾಕ್‌ಪಿಟ್ ಭಾಗದಿಂದ ಶುರು ಮಾಡಿ, ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೋಗಿ. ಕಾಕ್‌ಪಿಟ್ ಒಳಗಿನ ಸೀಟು, ಸ್ಟೀರಿಂಗ್ ಈಗಲೇ ಕೂಡಿಸಿ, ಆಮೇಲೆ ಚಿಮಟ ಒಳಗೆ ಹೋಗುವುದಿಲ್ಲ.

ಎಡದ ಒಂದು ತುಂಡು ಅಂಟಿಸಿದರೆ ಮುಂದಿನದು ಬಲದ್ದೇ ಆಗಬೇಕು. ಎಡ ಪೂರ್ತಿ ಮುಗಿಸಿ ಬಲಕ್ಕೆ ಬಂದರೆ ಅಂಟು ಒಣಗುತ್ತಾ ಕಾರನ್ನು ಎಡಕ್ಕೆ ಎಳೆದಿರುತ್ತದೆ.

ಬಾಗುವ ತುಂಡನ್ನು ಅಂಟು ಹಚ್ಚುವ ಮೊದಲೇ ಬಾಗಿಸಿಕೊಳ್ಳಿ. ಅಂಗೈ ಮೇಲೆ ಇಟ್ಟು ದುಂಡು ಪೆನ್ಸಿಲನ್ನು ಒತ್ತಿ ಉರುಳಿಸಿದರೆ ಕಾಗದ ತಾನೇ ಸುರುಳಿಯಾಗುತ್ತದೆ. ಮೂತಿಯಂಥ ಚೂಪು ಭಾಗಕ್ಕೆ ಹೆಣಿಗೆ ಕಡ್ಡಿ ಒಳ್ಳೆಯದು. ಅಂಟಿನ ಬಲದಿಂದ ಬಾಗಿಸಿ ಕೂರಿಸಿದ ತುಂಡು ಒಂದು ವಾರದಲ್ಲಿ ಬಿಟ್ಟುಕೊಳ್ಳುತ್ತದೆ. ಕೈ ಬಿಟ್ಟಾಗಲೂ ತುಂಡು ತನ್ನ ಜಾಗದಲ್ಲಿ ಹೆಚ್ಚುಕಡಿಮೆ ಕೂತಿರಬೇಕು, ಆಮೇಲಷ್ಟೇ ಅಂಟು.

ಅಂಟನ್ನು ಟೂತ್‌ಪಿಕ್ ತುದಿಯಲ್ಲಿ ತಗೊಂಡು ಟ್ಯಾಬಿಗೆ (ತುಂಡಿನ ಅಂಚಿನಲ್ಲಿ ಅಂಟಿಸೋಕೆ ಬಿಟ್ಟಿರುವ ಪಟ್ಟಿ) ಮಾತ್ರ ತೆಳುವಾಗಿ ಹರಡಿ. ಅರ್ಧ ನಿಮಿಷ ಬಿಟ್ಟು ಒತ್ತಿ. ಪಕ್ಕದಿಂದ ಅಂಟು ಹೊರಬಂದರೆ ಅದು ಜಾಸ್ತಿಯಾಗಿದೆ. ಒರೆಸಿದರೆ ಬಣ್ಣ ಕೆಡುತ್ತದೆ, ಅರ್ಧ ಒಣಗಿದ ಮೇಲೆ ಟೂತ್‌ಪಿಕ್‌ನಿಂದ ಎತ್ತಿ ತೆಗೆಯಿರಿ. ಏಪ್ರಿಲ್-ಮೇ ಬಿಸಿಲಲ್ಲಿ ಫ್ಯಾನ್ ಹಾಕಿಕೊಂಡು ಕೂತರೆ ಅಂಟು ತುಂಡು ಸೇರುವ ಮೊದಲೇ ಪದರ ಕಟ್ಟುತ್ತದೆ. ಕಷ್ಟ ಆದರೂ ಅಂಟಿಸುವಷ್ಟು ಹೊತ್ತು ಫ್ಯಾನ್ ಆರಿಸಿ, ಟ್ಯಾಬ್‌ಗಳನ್ನು ಒಂದೊಂದಾಗಿ ಮುಗಿಸಿ.

ಹಂತ 7: ಗಾಲಿ

ಟೈರು ಮೊಟ್ಟೆಯಾಕಾರ ಆಗುವುದು ಎಲ್ಲರಿಗೂ ಬರುವ ಗೋಳು. ಕಾರಣ ಕಾಗದದ ದಪ್ಪ. 30 ಮಿ.ಮೀ. ವ್ಯಾಸದ ಟೈರಿಗೆ ಹೊರಸುತ್ತಿನ ಪಟ್ಟಿ 94 ಮಿ.ಮೀ. ಬೇಕು. ಒಳಗಿನ ರಟ್ಟಿನ ಬಿಲ್ಲೆಯನ್ನೂ 30ಕ್ಕೇ ಕತ್ತರಿಸಿದರೆ ಪಟ್ಟಿ ಸುತ್ತಿದಾಗ ತುದಿಗಳು ಸೇರುವುದಿಲ್ಲ. ಪಟ್ಟಿಯ ಕಾಗದ ಸುಮಾರು 0.2 ಮಿ.ಮೀ. ದಪ್ಪ, ಅದು ಎರಡೂ ಬದಿಗೆ ಬರುತ್ತದೆ, ಆದ್ದರಿಂದ ಬಿಲ್ಲೆ 29.6 ಇರಬೇಕು. ಪಟ್ಟಿಯ ತುದಿಗಳನ್ನು ಒಂದರ ಮೇಲೊಂದು ಹತ್ತಿಸಬೇಡಿ, ಅಲ್ಲಿ ಉಬ್ಬು ಬರುತ್ತದೆ. ಎದುರುಬದುರು ತಾಗಿಸಿ, ಒಳಗಡೆ ತೆಳು ಕಾಗದದ ಪಟ್ಟಿ ಕೊಡಿ.

ಇನ್ನೂ ಗಟ್ಟಿ ಬೇಕೆಂದರೆ ರಟ್ಟಿನ ಬಿಲ್ಲೆಗಳನ್ನೇ ಒಂದರ ಮೇಲೊಂದು ಅಂಟಿಸಿ ಪೂರ್ತಿ ಟೈರು ಮಾಡಬಹುದು. ನಾನು ಇದನ್ನೇ ಹೇಳುತ್ತೇನೆ. ಕೆಲಸ ಜಾಸ್ತಿ, ಆದರೆ ಟೈರಿನ ಭುಜದ ದುಂಡು ಇದರಲ್ಲಷ್ಟೇ ಸರಿಯಾಗಿ ಬರುತ್ತದೆ. ನಡುವೆ ತೂತು ಮಾಡಿ ಊದುಬತ್ತಿಯ ಬಿದಿರು ಕಡ್ಡಿಗೆ ಪೋಣಿಸಿ, ಒಣಗಿದ ಮೇಲೆ ಅಂಚಿಗೆ ಫೆವಿಕ್ವಿಕ್ ಕುಡಿಸಿ, ಅದು ಗಟ್ಟಿಯಾದ ನಂತರ ಪಾಲಿಶ್ ಪೇಪರ್ ಮೇಲೆ ಕಡ್ಡಿ ತಿರುಗಿಸುತ್ತಾ ತಿಕ್ಕಿ. ಕಿಟಕಿ ತೆರೆದಿರಲಿ, ಆ ಹೊಗೆ ಕಣ್ಣಿಗೆ ಉರಿ ತರುತ್ತದೆ. ಹತ್ತಿಬಟ್ಟೆಯಿಂದ ಒರೆಸಲು ಹೋಗಬೇಡಿ, ಹತ್ತಿಗೆ ಫೆವಿಕ್ವಿಕ್ ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ.

ಬಣ್ಣಕ್ಕೆ ಅಪ್ಪಟ ಕಪ್ಪು ಬೇಡ. ಕಪ್ಪಿಗೆ ಚೂರು ಬಿಳಿ ಬೆರೆಸಿದರೆ ರಬ್ಬರಿನಂತೆ ಕಾಣುತ್ತದೆ. ಟೈರಿನ ರಬ್ಬರ್ ಎಷ್ಟು ಮೆದು ಅಂತ ತೋರಿಸುವ ಪಕ್ಕದ ಗುರುತು ನಾಲ್ಕಕ್ಕೂ ಒಂದೇ ಬಣ್ಣದ್ದಿರಲಿ: ಸಾಫ್ಟ್ ಕೆಂಪು, ಮೀಡಿಯಂ ಹಳದಿ, ಹಾರ್ಡ್ ಬಿಳಿ.

ಹಂತ 8: ಸಸ್ಪೆನ್ಷನ್ ಮತ್ತು ಗಾಲಿ ಕೂಡಿಸುವುದು

ಗಾಲಿಯನ್ನು ಕಾರಿಗೆ ತರುವುದಲ್ಲ, ಕಾರನ್ನು ಗಾಲಿಗಳ ನಡುವೆ ತರುವುದು. ಇಷ್ಟು ನೆನಪಿಟ್ಟರೆ ಈ ಹಂತ ಸುಲಭ.

ಒಂದು ಹಾಳೆಯ ಮೇಲೆ ನಡುಗೆರೆ ಎಳೆಯಿರಿ, ಅದಕ್ಕೆ ಲಂಬವಾಗಿ 150 ಮಿ.ಮೀ. ಅಂತರದಲ್ಲಿ ಎರಡು ಗೆರೆ, ನಿಮ್ಮ ಕಾರಿನ ಅಳತೆ ಬೇರೆಯಿದ್ದರೆ ಅದನ್ನು ಹಾಕಿ. ಹಾಳೆಯನ್ನು ಗಾಜಿಗೆ ಟೇಪ್ ಮಾಡಿ. ಕಾರಿನ ತಳದ ಅಡಿಗೆ 2 ಮಿ.ಮೀ. ರಟ್ಟಿನ ತುಂಡುಗಳನ್ನಿಟ್ಟು ನಡುಗೆರೆಗೆ ಸರಿಯಾಗಿ ಕೂರಿಸಿ, ಅಲುಗದಂತೆ ಭಾರ ಇಡಿ. ನಾಲ್ಕೂ ಗಾಲಿಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿ, ಎರಡೂ ಕಡೆ ರಟ್ಟಿನ ಆಸರೆ ಕೊಡಿ. ಈಗ ಗಾಲಿ ನೆಲ ಮುಟ್ಟಿದೆ, ಕಾರು ಸಮ ಇದೆ, ನಡುವೆ ಜಾಗ ಮಾತ್ರ ಖಾಲಿ. ಆ ಖಾಲಿ ಜಾಗಕ್ಕೆ ತಕ್ಕಂತೆ ಕಡ್ಡಿಗಳನ್ನು ಕತ್ತರಿಸಿ ಕೂಡಿಸಿ. ನಕ್ಷೆಯಲ್ಲಿನ ಕಡ್ಡಿ ಅರ್ಧ ಮಿ.ಮೀ. ಉದ್ದ ಅನಿಸಿದರೆ ನಕ್ಷೆಯನ್ನು ನಂಬಬೇಡಿ, ಎದುರಿಗಿರುವ ಜಾಗವನ್ನು ನಂಬಿ.

ಮುಂದಿನ ಪ್ರತಿ ಗಾಲಿಗೆ ಆರು ಕಡ್ಡಿ ಬರುತ್ತವೆ: ಮೇಲಿನ ವಿಶ್‌ಬೋನಿನ (ಗಾಲಿಯನ್ನು ಮೈಗೆ ಹಿಡಿಯುವ V ಆಕಾರದ ತೋಳು) ಎರಡು ಕಾಲು, ಕೆಳಗಿನದರ ಎರಡು, ಸ್ಟೀರಿಂಗ್ ಕಡ್ಡಿ ಒಂದು, ಓರೆಯಾಗಿ ಬರುವ ಪುಶ್‌ರಾಡ್ ಅಥವಾ ಪುಲ್‌ರಾಡ್ ಒಂದು. ಬರಿ ಕಾಗದದ ಕಡ್ಡಿ ಭಾರಕ್ಕೆ ಬಗ್ಗುತ್ತದೆ. ಎರಡು ಪದರದ ನಡುವೆ ತೆಳು ತಂತಿ ಇಟ್ಟು ಅಂಟಿಸಿ. ಕೆಳಗಿನ ವಿಶ್‌ಬೋನ್ ಮೊದಲು, ಪುಶ್‌ರಾಡ್ ಕೊನೆಗೆ. ಎಡ-ಬಲ ಸರತಿ ಇಲ್ಲೂ ಇದೆ. ಪೂರ್ತಿ ಒಂದು ದಿನ ಆಸರೆ ತೆಗೆಯಬೇಡಿ.

ಹಂತ 9: ವಿಂಗ್, ಹೇಲೋ, ಕನ್ನಡಿ

ಕೈ ತಾಗಿ ಮುರಿಯುವ ಸಾಮಾನೆಲ್ಲ ಕೊನೆಗೆ. ಮುಂದಿನ ವಿಂಗಿನ ಪಟ್ಟಿಗಳನ್ನು ಹೊರಗೇ ಜೋಡಿಸಿ, ಪೂರ್ತಿ ಒಣಗಿಸಿ, ಆಮೇಲೆ ಮೂತಿಗೆ ಹಚ್ಚಿ. ಎದುರಿನಿಂದ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದಾಗ ಮುಂದಿನ ವಿಂಗೂ ಹಿಂದಿನ ವಿಂಗೂ ಒಂದಕ್ಕೊಂದು ಸಮಾನಾಂತರ ಇರಬೇಕು. ಮೇಲಿನಿಂದ ನೋಡಿದರೆ ಈ ತಪ್ಪು ಕಾಣುವುದಿಲ್ಲ, ಫೋಟೋ ತೆಗೆದಾಗ ಮಾತ್ರ ಎದ್ದು ಕಾಣುತ್ತದೆ.

ಹೇಲೋಗೆ ತಂತಿಯನ್ನು ಮೊದಲು ನಕ್ಷೆಯ ಮೇಲಿಟ್ಟು ಬಗ್ಗಿಸಿ, ಆಮೇಲೆ 80 ಜಿಎಸ್ಎಂ ಪಟ್ಟಿ ಸುತ್ತಿ. ಮೂರೂ ಕಾಲು ಒಟ್ಟಿಗೆ ಕೂರಬೇಕು. ಒಂದನ್ನು ಅಂಟಿಸಿ ಉಳಿದೆರಡನ್ನು ಎಳೆದು ತರಬೇಡಿ.

ಹಂತ 10: ಇಡುವುದು

ಎತ್ತುವಾಗ ಯಾವಾಗಲೂ ತಳದ ಎರಡೂ ಬದಿಗೆ ಬೆರಳು ಕೊಟ್ಟು ಎತ್ತಿ. ಹಿಂದಿನ ವಿಂಗ್ ಹಿಡಿದು ಎತ್ತುವ ಅತಿಥಿಗಳು ಪ್ರತಿ ಮನೆಗೂ ಬರುತ್ತಾರೆ, ಅದಕ್ಕೆ ಮುಚ್ಚಳವಿರುವ ಪಾರದರ್ಶಕ ಡಬ್ಬಿ ಒಳ್ಳೆಯದು. ಡಬ್ಬಿಯ ಮೂಲೆಯಲ್ಲಿ ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಇಡಿ, ಮಳೆಗಾಲ ಶುರುವಾಗುವ ಮೊದಲು ಬದಲಾಯಿಸಿ. ಕಿಟಕಿಯ ಬಿಸಿಲು ಬೀಳುವ ಜಾಗ ಬೇಡ, ಇಂಕ್‌ಜೆಟ್ ಬಣ್ಣ ಬೇಗ ಮಾಸುತ್ತದೆ. ಧೂಳಿಗೆ ಮೆದು ಕೂದಲಿನ ಒಣ ಬ್ರಶ್ ಸಾಕು. ಒದ್ದೆ ಬಟ್ಟೆ ಮಾತ್ರ ತಾಗಿಸಬೇಡಿ.